ನಾಲ್ಕು ಏಟಿನ ಜಾಗ

ಗ್ವಾಪಿ
ಸೆಪ್ಟೆಂಬರ್ ೧೭, ಮಧ್ಯಾಹ್ನ

ಪ್ರೀತಿಯ ರೂಫೀನಕ್ಕಾ,

“ನೀನಿಲ್ಲ ಅಂತ ಹಾಡೇನು ನಿಂತುಹೋಗಲ್ಲ.” ನೀನು ಊರು ಬಿಟ್ಟ ದಿನ ದೋಣಿಕಟ್ಟೆಯಲ್ಲಿ ಅಮ್ಮ ನಿನಗೆ ಅಂದ ಮಾತು ಇದು. ಇನ್ನೂ ಏನೋ ಸೇರಿಸಿದ್ದಳು. ಮೋಟಾರಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಏಳು ವರ್ಷವಾಯಿತು. ನಿನ್ನ ಮಂಡಿನೋವು ಹೇಗಿದೆ? ಬೊಗೋಟಾದ ಚಳಿ ಅದಕ್ಕೆ ಆಗಿಬರುವುದಿಲ್ಲ. ಇಲ್ಲಿ ನಾವು ಇದ್ದೇವೆ. ಅಮ್ಮ ಹಾಡುತ್ತಾಳೆ, ನಾನು ಮರದ ಪಟ್ಟಿಗಳ ಮರಿಂಬಾ ಬಾರಿಸುತ್ತೇನೆ, ಸಮುದ್ರ ಉಬ್ಬಿದಾಗ ಹೊಳೆ ಹಿಂದಕ್ಕೆ ಹರಿಯುತ್ತದೆ.

ಹೋದ ಭಾನುವಾರ ಶಾಲೆಯ ಅಂಗಳದಲ್ಲಿ, ಊರವರ ಎದುರಿಗೇ, ಪಟ್ಟಣದಿಂದ ಬಂದವರು ನಮ್ಮ ಮೇಳದ ಹಾಡುಗಳನ್ನು ರೆಕಾರ್ಡ್ ಮಾಡಿಕೊಂಡರು. ಕೊನೆಯಲ್ಲಿ ಅಮ್ಮ ಇದ್ದಕ್ಕಿದ್ದಂತೆ ನಿಮ್ಮಿಬ್ಬರ ತೊಟ್ಟಿಲ ಹಾಡು ಎತ್ತಿಕೊಂಡಳು. ನೀನು ಹೋದ ಮೇಲೆ ಅದನ್ನು ಮುಟ್ಟಿರಲಿಲ್ಲ. ಮೂರನೆಯ ಸಾಲು ಮುಗಿದು ನೀನು ಉತ್ತರ ಕೊಡುವ ಜಾಗ ಬಂತು. ನಾನು ಕೋಲುಗಳನ್ನು ಎತ್ತಿ ಹಿಡಿದೆ. ತೆಯೋಫಿಲೊ ಮಾವ ಡೋಲಿನ ಮೇಲೆ ಅಂಗೈ ಒತ್ತಿದ. ಹಿಂದಿನ ಹೆಂಗಸರು ಬಾಯಿ ಬಿಡಲಿಲ್ಲ. ಮೇಳದ ರೂಢಿ ನಿನಗೆ ಗೊತ್ತಲ್ಲ: ಒಬ್ಬಳ ಉತ್ತರವನ್ನು ಅವಳು ಬದುಕಿರುವವರೆಗೆ ಇನ್ನೊಬ್ಬಳು ಹಾಡುವುದಿಲ್ಲ. ಡೋಲಿನ ನಾಲ್ಕು ಏಟಿನ ಹೊತ್ತು ಯಾರದೋ ಕೆಮ್ಮು, ದೂರದಲ್ಲೊಂದು ದೋಣಿ. ಆಮೇಲೆ ಅಮ್ಮ ನಾಲ್ಕನೆಯ ಸಾಲಿಗೆ ಹೋದಳು.

ಮರುದಿನ ರೆಕಾರ್ಡಿಂಗಿನವನು ಕೇಳಿಸಿದ. “ಇಲ್ಲೊಂದು ತೂತು ಬಿದ್ದಿದೆಯಲ್ಲಮ್ಮ. ಯಾರೋ ಮರೆತಿದ್ದಾರೆ. ಬೇರೆ ದನಿ ತುಂಬಿಬಿಡ್ಲಾ?”

“ತೂತಲ್ಲ ಕಣಯ್ಯಾ, ಅದು ನಮ್ಮ ರೂಫೀನಾ,” ಎಂದ ಮಾವ.

“ತುಂಬೋಕೆ ನನ್ನ ಮಗಳೇನು ಸತ್ತಿದ್ದಾಳಾ? ಅಷ್ಟು ಆಸೆ ಇದ್ರೆ ನಿನ್ನ ತಲೇಲಿರೋ ತೂತು ತುಂಬಿಸ್ಕೋ ಹೋಗು,” ಎಂದಳು ಅಮ್ಮ. ಎಲ್ಲರೂ ನಕ್ಕರು, ಅವನೂ ನಕ್ಕ. ಆಮೇಲೆ ಅವಳು ಅದೇ ಜಾಗವನ್ನು ಮತ್ತೆ ಹಾಕಿಸಿದಳು. ಮತ್ತೆ. ಒಂಬತ್ತು ಸಲ. ತನ್ನ ದನಿ ಬಂದಾಗಲೆಲ್ಲ ಕೈಸನ್ನೆ ಮಾಡಿ ನಿಲ್ಲಿಸಿದಳು.

ಇದಕ್ಕೆ ನಾನು ಅರ್ಥ ಹಚ್ಚುವುದಿಲ್ಲ. ಹಾಡು ನಿಂತಿತು, ಅಷ್ಟೇ.

ಮಾವ ನಿನ್ನ ಕ್ಷೇಮ ಕೇಳಿದ್ದಾನೆ. ಅಮ್ಮ ನಾನು ಬರೆಯುವಷ್ಟು ಹೊತ್ತೂ ಬಾಗಿಲಲ್ಲಿ ನಿಂತಿದ್ದಳು.

ನಿನ್ನ ತಮ್ಮ,
ಎವರಿಸ್ತೊ

ಮರೆತ ಮಾತು: ಮರೆತದ್ದಲ್ಲ, ಅವಳು ಬಾಗಿಲಿಂದ ಸರಿಯಲಿ ಎಂದು ಕಾದೆ. ಅಮ್ಮನ ಗಂಟಲಲ್ಲಿ ಗಡ್ಡೆ. ಅಕ್ಟೋಬರ್ ಎಂಟಕ್ಕೆ ಶಸ್ತ್ರಚಿಕಿತ್ಸೆ. ಆಮೇಲೆ ದನಿ ಉಳಿಯುವುದಿಲ್ಲ ಎಂದಿದ್ದಾರೆ ಡಾಕ್ಟರು. ಏಳನೆಯ ತಾರೀಖು ಅದೇ ಅಂಗಳದಲ್ಲಿ ಅದೇ ಹಾಡು ಹಾಡುತ್ತಾಳಂತೆ. ನಾನು ಕೋಲು ಎತ್ತಿ ಹಿಡಿದಾಗ ನೀನು ಅಲ್ಲಿರುತ್ತೀಯಾ, ಅಕ್ಕಾ?