ಸಕ್ಕುಬಾಯಿ ಒಲ್ಲೆ ಅಂದದ್ದು ಯಾವಾಗ?

ವಿಶ್ವವಿದ್ಯಾಲಯದ ರಜಿಸ್ಟ್ರಾರ ಸಾಹೇಬರಿಗೆ,

ಮಾನ್ಯರೇ, ತಮ್ಮ ಪ್ರವೇಶ ಪುಸ್ತಕದಲ್ಲಿ ಒಂದು ಸುಳ್ಳು ಇದೆ. ನರ್ಸಿಂಗ್ ಪದವಿಯ ಮೊದಲ ತಂಡದ ಪಟ್ಟಿಯಲ್ಲಿ ಹನ್ನೆರಡನೆಯ ಹೆಸರು ನೋಡಿರಿ. ಸಕ್ಕುಬಾಯಿ ಅಮೋಗಸಿದ್ಧ, ಮುಕ್ಕಾಂ ಚಪಳಗಾಂವ, ತಾಲೂಕು ಅಕ್ಕಲಕೋಟ. ಅದರ ಮುಂದೆ ಕೆಂಪು ಮಸಿಯಲ್ಲಿ 'ಆಸಕ್ತಿ ಇಲ್ಲ, ಜಾಗ ನಿರಾಕರಿಸಿದ್ದಾಳೆ' ಎಂದು ಬರೆದಿದೆ. ಆಕೆ ನಿರಾಕರಿಸಿಲ್ಲ. ಆ ಸಾಲನ್ನು ಹೊಡೆದು ಹಾಕಿರಿ ಎಂದು ಕೇಳಲು ಈ ಪತ್ರ. ಇದೇ ಮಾತನ್ನು ಮರಾಠಿಯಲ್ಲಿ ಎರಡು ಸಲ, ಇಂಗ್ಲೀಷಿನಲ್ಲಿ ಒಂದು ಸಲ ತಮಗೆ ಬರೆದಿದ್ದೇನೆ. ಉತ್ತರ ಬರಲಿಲ್ಲ. ಹೇಗೂ ಉತ್ತರ ಬರುವುದಿಲ್ಲವೆಂದ ಮೇಲೆ ನನ್ನ ಮಾತಿನಲ್ಲೇ ಬರೆದರಾಯಿತೆಂದು ಸೊಲ್ಲಾಪುರದ ಈ ಕನ್ನಡ ಪತ್ರಿಕೆಗೆ ಕಳಿಸುತ್ತಿದ್ದೇನೆ. ಸರಕಾರಿ ನೌಕರರು ಪತ್ರಿಕೆಗೆ ಬರೆಯಬಾರದಂತೆ. ಬರೆದಿದ್ದೇನೆ.

ನಾನು ಅಕ್ಕಲಕೋಟದ ದವಾಖಾನೆಯಲ್ಲಿ ಇಪ್ಪತ್ನಾಲ್ಕು ವರ್ಷಗಳಿಂದ ನರ್ಸ್. ನನಗೆ ಪದವಿ ಇಲ್ಲ. ನಮ್ಮ ಕಾಲದಲ್ಲಿ ಬೆಡ್‌ಪ್ಯಾನು ತೊಳೆಯಲು ಬಿ.ಎಸ್ಸಿ. ಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಹಾಗೆಂದು ತಮ್ಮ ಹೊಸ ಪದವಿಯ ಸುದ್ದಿ ಕೇಳಿ ನನಗೆ ಹೊಟ್ಟೆಕಿಚ್ಚಾಗಲಿಲ್ಲ, ಸಂತೋಷವಾಯಿತು. ಡಾಕ್ಟರರು ಕರೆದಾಗ ನಾವು ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತೇವೆ. ನಮ್ಮಲ್ಲೊಬ್ಬಳು ಕೂತುಕೊಂಡೇ ಉತ್ತರ ಕೊಡುವ ದಿನ ಬಂತೆಂದುಕೊಂಡೆ. ಈ ಪತ್ರವನ್ನು ಸಿಟ್ಟಿನಿಂದ ಬರೆಯಬೇಕಿತ್ತು. ನಿಜ ಹೇಳಬೇಕೆಂದರೆ ಸಿಟ್ಟು ಬರುತ್ತಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿನ ಹಾಗೆ ಒಳಗೆಲ್ಲ ಜೋಮು ಹಿಡಿದಿದೆ. ಎಲ್ಲಾದರೂ ಬರವಣಿಗೆ ತಣ್ಣಗಿದೆ ಅನ್ನಿಸಿದರೆ ಅದನ್ನು ವಿನಯವೆಂದು ತಿಳಿಯಬೇಡಿ.

ಸಕ್ಕುಬಾಯಿ ಚಪಳಗಾಂವದ ಕುರುಬ ಅಮೋಗಸಿದ್ಧನ ಮಗಳು. ಹತ್ತು ವರ್ಷದವಳಿದ್ದಾಗ ಕಾಲಿನ ಗಾಯ ಕೀವು ತುಂಬಿ ನಮ್ಮ ದವಾಖಾನೆಗೆ ಬಂದಳು. ಮೂರು ವಾರ ಇದ್ದಳು. ಎರಡನೆಯ ವಾರಕ್ಕೇ ಕುಂಟುತ್ತ ಓಡಾಡಿ ಪಕ್ಕದ ಮಂಚದವರಿಗೆ ನೀರು ಕುಡಿಸುತ್ತಿದ್ದಳು, ಪಟ್ಟಿ ಸುತ್ತಿಕೊಡುತ್ತಿದ್ದಳು. ಊರ ಸಾಲೆಯಲ್ಲಿ ನಾಲ್ಕನೆಯ ವರ್ಗ ಮುಗಿಸಿದ್ದಾಳೆ, ಅವಳನ್ನು ನನ್ನ ಬಳಿ ಬಿಟ್ಟು ಮುಂದಿನ ಸಾಲೆಗೆ ಹಾಕು ಎಂದು ತಂದೆಗೆ ಹೇಳಿದೆ. ಅವನು ಎಂಟು ದಿನ ಯೋಚನೆ ಮಾಡಿ ಒಂದು ಕಂಬಳಿ, ಒಂದು ಚೀಲ ಜೋಳದ ಜೊತೆ ಅವಳನ್ನು ತಂದು ಬಿಟ್ಟ. ಏಳು ವರ್ಷ ನನ್ನ ಕೋಣೆಯಲ್ಲಿದ್ದು ಹೋದ ವರ್ಷ ಮ್ಯಾಟ್ರಿಕ್ ಪಾಸಾದಳು. ತಮ್ಮ ತಜ್ಞರು ಮೂವರು ಸೊಲ್ಲಾಪುರದಲ್ಲಿ ಸಂದರ್ಶನ ನಡೆಸಿದಾಗ ಹೆರಿಗೆ ನೋಡಿದ್ದೀಯಾ ಎಂದು ಕೇಳಿದರಂತೆ. ಮರಾಠಿಯಲ್ಲಿ ಕೊಟ್ಟ ಉತ್ತರವನ್ನು ಮನೆಗೆ ಬಂದು ನನಗೆ ಹೇಳಿದಳು: "ಮನಶ್ಯಾರವು ನೋಡೀನ್ರಿ, ಕುರೀವು ಮಾಡಸೀನ್ರಿ ಅಂತ ಅಂದೆ. ನಕ್ಕರು. ನಗಲಿ ಬಿಡ್ರಿ, ಹೆಸರ ಬರಕೊಂಡ್ರು." ತಮ್ಮ ಹನ್ನೆರಡು ಜಾಗಗಳಲ್ಲಿ ಹಳ್ಳಿಗಾಡಿನ ಕನ್ಯೆಗೆಂದು ಮೀಸಲಿಟ್ಟ ಒಂದೇ ಒಂದು ಜಾಗ ಹೀಗೆ ಅವಳದಾಯಿತು.

ಅರ್ಜಿ ತುಂಬಿದವಳು ನಾನು. ವಿಳಾಸಕ್ಕೆ ಇದ್ದದ್ದು ಒಂದೇ ಕಾಲಮು, 'ಖಾಯಂ ವಾಸಸ್ಥಳ'. ಸರಕಾರ ಕೇಳಿದ್ದನ್ನೇ ಬರೆಯಬೇಕೆಂಬ ನನ್ನ ಹಳೆಯ ಚಟದಿಂದ ಚಪಳಗಾಂವ ಎಂದು ಬರೆದೆ. ದವಾಖಾನೆಯ ವಿಳಾಸ ಬರೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅದು ನನ್ನ ತಪ್ಪು, ಒಪ್ಪಿಕೊಂಡಿದ್ದೇನೆ.

ವರ್ಗ ಜೂನಿನಲ್ಲಿ ಶುರುವಾಗಬೇಕಿತ್ತು. ವಸತಿಗೃಹಕ್ಕೆ ಇನ್ನೂ ಛಾವಣಿ ಹಾಕಿಲ್ಲವೆಂದು ಮುಂದಕ್ಕೆ ಹೋಯಿತು. ಆಗಸ್ಟ್ ಎಂದರು, ದಸರೆ ಎಂದರು. ದೀಪಾವಳಿ ಮುಗಿದ ಮೇಲೆ ಅಮೋಗಸಿದ್ಧ ಬಂದು ಬಾಗಿಲಲ್ಲಿ ಕೂತ. "ಬಾಯಾರ, ನಾವು ಕುರಿ ತಗೊಂಡ ಹೊಂಟೀವ್ರಿ. ಹಿರಿ ಮಗ ಮನಿ ಬಿಟ್ಟ ಬ್ಯಾರಿ ಆಗ್ಯಾನ, ಮರಿ ನೋಡಾಕ ಕೈ ಸಾಲೂದಿಲ್ಲ. ಕಾಗದ ಬರೂತನಕ ಹುಡುಗಿ ನಮ್ಮ ಕೂಡ ಇರ್ಲಿ" ಅಂದ. ತಂದೆ ಮಗಳನ್ನು ಕೇಳಿದರೆ ನಾನು ಏನು ಹೇಳಲಿ? ಹೋದಳು.

ಇನ್ನು ಕುರಿ ಕಾಯುವವರ ರೀತಿ ತಮಗೆ ತಿಳಿದಿರಲಿಕ್ಕಿಲ್ಲ, ಹೇಳುತ್ತೇನೆ. ದೀಪಾವಳಿಗೆ ಹೊರಟರೆ ಮಳೆಗಾಲದ ತನಕ ಅವರು ಊರಿಗೆ ಬರುವುದಿಲ್ಲ. ಗೊಬ್ಬರಕ್ಕಾಗಿ ಯಾರದೋ ಹೊಲದಲ್ಲಿ ರಾತ್ರಿ ಕುರಿ ಕೂಡಿಹಾಕುತ್ತಾರೆ, ನಾಲ್ಕು ದಿನಕ್ಕೆ ಮುಂದಿನ ಹೊಲ. ಮನೆ ಬಾಗಿಲಿಗೆ ಮುಳ್ಳಿನ ಕಂಟಿ ಎಳೆದು ಹೋಗುತ್ತಾರೆ. ಅವರ ಹೆಸರಿಗೆ ಏನೇ ಬಂದರೂ ನೆರೆಯವರು ಇಟ್ಟುಕೊಳ್ಳುವುದಿಲ್ಲ, ನಾಳೆ ಮಾತು ಬರಬಾರದೆಂದು ಕುರುಬರ ದೇವರು ಬೀರೋಬನ ಗುಡಿಗೆ ಒಪ್ಪಿಸುತ್ತಾರೆ. ಪೂಜಾರಿ ಅದನ್ನು ದೇವರ ಕಂಬಳಿಯ ಕೆಳಗೆ ಇಡುತ್ತಾನೆ. ಒಡೆಯ ಬಂದು ಕೈಯೊಡ್ಡುವವರೆಗೆ ಅದನ್ನು ಯಾರೂ ಬಿಚ್ಚುವ ಹಾಗಿಲ್ಲ. ಎಷ್ಟೋ ತಲೆಮಾರಿನಿಂದ ಆ ಕಂಬಳಿಯ ಕೆಳಗಿಂದ ಒಂದು ವಸ್ತುವೂ ಕಳೆದುಹೋಗಿಲ್ಲ. ತಮ್ಮ ಕಚೇರಿಯಲ್ಲಿ ನನ್ನ ಮೂರು ಪತ್ರಗಳು ಎಲ್ಲಿವೆ?

ಜನವರಿ ಒಂಬತ್ತಕ್ಕೆ ಒಂದು ಹೆರಿಗೆಗಾಗಿ ಚಪಳಗಾಂವಕ್ಕೆ ಹೋದೆ. ಕೆಲಸ ಮುಗಿಸಿ ಬಸ್ಸಿಗೆ ನಡೆಯುತ್ತಿದ್ದಾಗ ಗುಡಿಯ ಪೂಜಾರಿ ಪೀರಪ್ಪ ಕೂಗಿದ.

"ಬಾಯಾರ, ಅಮೋಗಸಿದ್ಧ ಯಾವ ಕಡಿ ಕುರಿ ಹಾಕ್ಯಾನ ಗೊತ್ತೇನ್ರಿ? ಅವನ ಮನಿಗಿ ಒಂದ ಸರಕಾರಿ ಕಾಗದ ಬಂದೈತಿ."

"ಯಾವಾಗ ಬಂತು ಪೀರಪ್ಪ ಮುತ್ಯಾ?"

"ಆತಲ್ರಿ ಮೂರ ವಾರ. ಜ್ವಾಕಿ ಇಟ್ಟೀನ್ರಿ. ದಿನಾ ಭಂಡಾರ ಹಚ್ಚತೀನಿ."

ನಾನು ಗುಡಿಯ ಹೊರಗೆ ನಿಂತೆ. ಮೊದಲು ನಮ್ಮವರನ್ನು ಒಳಗೆ ಬಿಡುತ್ತಿರಲಿಲ್ಲ; ಒಂದೂವರೆ ವರ್ಷದ ಹಿಂದೆ ಬೌದ್ಧ ದೀಕ್ಷೆ ತಗೊಂಡ ಮೇಲೆ ನಾನೇ ಹೋಗುವುದಿಲ್ಲ. ಹೀಗಾಗಿ ಎರಡೂ ಕಡೆಯವರಿಗೆ ಅನುಕೂಲವಾಗಿದೆ. ಒಡೆಯನಿಗಲ್ಲದೆ ಬೇರೆಯವರಿಗೆ ಕೊಡಬಾರದೆಂದು ಪೀರಪ್ಪ ಬಹಳ ಹೊತ್ತು ಹಿಂದೆಮುಂದೆ ನೋಡಿದ. ಕೊನೆಗೆ ಭಂಡಾರದ ಅರಿಶಿನ ಮೆತ್ತಿದ ಲಕೋಟೆಯನ್ನು ತಂದು ಮೆಟ್ಟಿಲ ಮೇಲಿಟ್ಟ. ತಮ್ಮ ಸಹಿಯ ಪತ್ರ, ಡಿಸೆಂಬರ್ ಹದಿನಾರರದು. ಜನವರಿ ಎರಡರೊಳಗೆ ಹಾಜರಾಗದಿದ್ದರೆ ಆಸಕ್ತಿ ಇಲ್ಲವೆಂದು ಭಾವಿಸಲಾಗುವುದು ಎಂದಿತ್ತು. ಡಿಸೆಂಬರಿನ ಕೊನೆಗೆ ಅದೇ ಗುಡಿಯ ಮುಂದಿನಿಂದ ನಾನು ಎರಡು ಸಲ ಹಾದು ಹೋಗಿದ್ದೆ. ಓದಿದಾಗ ನನಗೆ ಏನೂ ಅನ್ನಿಸಲಿಲ್ಲ. ಬಸ್ಸಿನಲ್ಲಿ ಕೂತು ಟಿಕೀಟು ಸರಿಯಾಗಿ ತಗೊಂಡದ್ದು ನೆನಪಿದೆ.

ಎರಡು ದಿನ ರಜೆ ಹಾಕಿ ಹುಡುಕಿದೆ. ಹೋಟಗಿಯ ಹತ್ತಿರ ಹಳಿಯ ಕೆಲಸದ ರೈಲ್ವೆ ಆಳುಗಳು ಹಿಂಡು ತೋರಿಸಿದರು. ಸಕ್ಕು ಆಗ ತಾನೇ ಹುಟ್ಟಿದ ಮರಿಯ ಮೂಗು ಒರೆಸುತ್ತಿದ್ದಳು. ಪತ್ರ ಓದಿದಳು, ತಾರೀಖನ್ನು ಇನ್ನೊಮ್ಮೆ ಓದಿದಳು, ಮರಿಯನ್ನು ತಂದೆಯ ಕೈಗೆ ಕೊಟ್ಟು ಕೈ ತೊಳೆದುಕೊಂಡಳು. "ಹೋಗವ್ವ, ಲಗೂನ ಹೋಗು" ಅಂದ ಅಮೋಗಸಿದ್ಧ. ಮರುದಿನ ಹೋಟಗಿಯಲ್ಲಿ ರೈಲು ಹತ್ತಿದೆವು. ಹದಿಮೂರನೆಯ ತಾರೀಖು ಸೋಮವಾರ ಹತ್ತು ಗಂಟೆಗೆ ತಮ್ಮ ಕಚೇರಿಯ ಬಾಗಿಲು ತೆರೆಯುವ ಮೊದಲೇ ಅಲ್ಲಿದ್ದೆವು.

ತಮ್ಮ ಗುಮಾಸ್ತರು ಪುಸ್ತಕ ತೆರೆದು ಕೆಂಪು ಸಾಲು ತೋರಿಸಿದರು. ಬೇಕಾಗಿದ್ದರೆ ಹೊತ್ತಿಗೆ ಬರುತ್ತಿದ್ದಿರಿ ಎಂದರು. ಆ ಜಾಗಕ್ಕೆ ಬೇರೆ ಯಾರಾದರೂ ಬಂದಿದ್ದಾರೆಯೇ ಎಂದು ಕೇಳಿದೆ. ಇಲ್ಲವಂತೆ. ವಸತಿಗೃಹದ ಕಿಟಕಿಯಿಂದ ನಾವೇ ನೋಡಿದೆವು. ಹನ್ನೆರಡು ಮಂಚ, ಹನ್ನೊಂದಕ್ಕೆ ಬಿಳಿ ಹಾಸು, ಒಂದರ ಮೇಲೆ ಗಾದಿ ಸುತ್ತಿಟ್ಟಿದ್ದರು. ನಿಯಮ ನಿಯಮವೇ ಎಂದು ಗುಮಾಸ್ತರು ಹೇಳಿದರು. ಸಕ್ಕು ಅವರಿಗೆ ನಮಸ್ಕಾರ ಮಾಡಿ ಹೊರಗೆ ಬಂದಳು, ನನ್ನ ಜೊತೆ ಅಕ್ಕಲಕೋಟಕ್ಕೇ ಮರಳಿದಳು.

ನಿಯಮದ ಮಾತಿಗೆ ಬರೋಣ. ತಾವು ಏಳು ತಿಂಗಳು ತಡ ಮಾಡಿದಿರಿ. ಅವಳು ಹನ್ನೊಂದು ದಿನ ತಡ ಮಾಡಿದಳು. ತಮ್ಮ ತಡಕ್ಕೆ ಕಟ್ಟಡದ ಕಾರಣವಿತ್ತು, ಅವಳ ತಡಕ್ಕೆ ತಮ್ಮ ತಡವೇ ಕಾರಣ. ಜೂನಿನಲ್ಲಿ ಕರೆದಿದ್ದರೆ ಅವಳು ನನ್ನ ಕೋಣೆಯಲ್ಲೇ ಇದ್ದಳಲ್ಲ? ವಿಶ್ವವಿದ್ಯಾಲಯಕ್ಕೆ ನರ್ಸಿಂಗಿನಲ್ಲಿ ಆಸಕ್ತಿ ಇಲ್ಲವೆಂದು ನಾವು ಯಾವ ಪುಸ್ತಕದಲ್ಲಾದರೂ ಕೆಂಪು ಮಸಿಯಲ್ಲಿ ಬರೆದಿಟ್ಟೆವೇ? ಇಷ್ಟಾದರೂ ಸುಮ್ಮನಿರಬಹುದಿತ್ತು. ಆದರೆ ಫೆಬ್ರುವರಿಯ ಉದ್ಘಾಟನಾ ಸಮಾರಂಭದಲ್ಲಿ ತಾವು ಮಾಡಿದ ಭಾಷಣ ಪತ್ರಿಕೆಯಲ್ಲಿ ಬಂತು. "ಗ್ರಾಮೀಣ ಕನ್ಯೆಯರಲ್ಲಿ ಸೇವೆಯ ಹಂಬಲ ಇನ್ನೂ ಮೂಡಿಲ್ಲ, ಅವರಿಗೆಂದು ಇಟ್ಟ ಜಾಗ ಖಾಲಿ ಉಳಿದದ್ದು ಖೇದಕರ." ತಮ್ಮ ಖೇದವನ್ನು ಓದಿ, ಪತ್ರಿಕೆ ಮಡಚಿಟ್ಟು, ಎರಡು ಗಂಟೆಯ ಇಂಜೆಕ್ಷನ್ ಕೊಡಲು ಎದ್ದು ಹೋದೆ. ಪಕ್ಕದಲ್ಲೇ ಆ ಗ್ರಾಮೀಣ ಕನ್ಯೆ ಸೂಜಿ ಕುದಿಸುತ್ತಿದ್ದಳು.

ಮೊನ್ನೆ ಪೀರಪ್ಪ ಅಕ್ಕಲಕೋಟಕ್ಕೆ ನಡೆದು ಬಂದಿದ್ದ. ದವಾಖಾನೆಯ ಒಳಗೆ ಬರಲೊಲ್ಲದೆ ಬೇವಿನ ಕೆಳಗೆ ಕೂತ. "ಸಾಹೇಬರಿಗಿ ನನ್ನ ಹೆಸರ ಬರೀರಿ ಬಾಯಾರ. ಮುದುಕ ಕಾಗದ ಬಚ್ಚಿಟ್ಟಿದ್ದ, ಹುಡುಗೀದೇನೂ ತಪ್ಪಿಲ್ಲ ಅಂತ ಬರೀರಿ. ಏನ ಶಿಕ್ಷಾ ಕೊಡತಾರ ಕೊಡ್ಲಿ" ಅಂದ. ಅಮೋಗಸಿದ್ಧ ಅವಳನ್ನು ಕರೆದೊಯ್ದದ್ದು ತನ್ನ ತಪ್ಪೆನ್ನುತ್ತಾನೆ. ನನ್ನದನ್ನು ಆಗಲೇ ಹೇಳಿದ್ದೇನೆ. ಚಪಳಗಾಂವದಿಂದ ಇಲ್ಲಿಯವರೆಗೆ ತಪ್ಪು ನನ್ನದು ಎನ್ನುವವರೇ ಸಿಗುತ್ತಿದ್ದಾರೆ. ತಮ್ಮ ದೊಡ್ಡ ಕಟ್ಟಡದಲ್ಲಿ ಮಾತ್ರ ನಮಗೆ ಒಬ್ಬರೂ ಸಿಗಲಿಲ್ಲ.

ಈ ವರ್ಷದ ಜಾಗವನ್ನು ನಾನು ಕೇಳುತ್ತಿಲ್ಲ. ಉಳಿದ ಹುಡುಗಿಯರು ಪಾಠದಲ್ಲಿ ಮುಂದೆ ಹೋಗಿರುತ್ತಾರೆ. ಜೂನಿನ ತಂಡಕ್ಕೆ ಸಕ್ಕು ಮತ್ತೆ ಅರ್ಜಿ ಹಾಕುತ್ತಾಳೆ. ಹೊಸ ಅರ್ಜಿ ತರಿಸಿದ್ದೇವೆ. ಈ ಸಲ ತಾನೇ ತುಂಬುತ್ತೇನೆಂದು ಕೂತು ಎಂಟು ಕಾಲಮು ಚೆಂದಾಗಿ ತುಂಬಿದಳು. ಒಂಬತ್ತನೆಯದು ಹೀಗಿದೆ: 'ಈ ಹಿಂದೆ ದೊರೆತ ಜಾಗವನ್ನು ನಿರಾಕರಿಸಿದ್ದೀರಾ? ಹೌದು ಎಂದಾದಲ್ಲಿ ಅರ್ಜಿ ಸಲ್ಲಿಸಬೇಕಾಗಿಲ್ಲ.' ಅಲ್ಲಿ ಲೇಖಣಿ ನಿಲ್ಲಿಸಿ ನನ್ನ ಕಡೆ ನೋಡಿದಳು.

"ಬಾಯಾರ, ಇಲ್ಲ ಅಂತ ಬರದ್ರ ಅವರ ಪುಸ್ತಕದಾಗ ಹೌದು ಅಂತ ಐತಿ, ಸುಳ್ಳ ಬರದಾಳ ಅಂತಾರ. ಹೌದು ಅಂತ ಬರದ್ರ ಖರೇನ ಸುಳ್ಳ ಆಗತೈತಿ. ನಾ ಯಾವಾಗ ಒಲ್ಲೆ ಅಂದೀನ್ರಿ?"

ಇಪ್ಪತ್ನಾಲ್ಕು ವರ್ಷದಲ್ಲಿ ಎಷ್ಟೋ ಮಂಚಗಳ ಪಕ್ಕ ನಿಂತು, ಕೇಳಬಾರದ ಪ್ರಶ್ನೆ ಕೇಳಿದವರಿಗೂ ಏನಾದರೊಂದು ಹೇಳಿದ್ದೇನೆ. ಇವಳ ಪ್ರಶ್ನೆಯನ್ನು ತಮಗೇ ಕಳಿಸುತ್ತಿದ್ದೇನೆ. ಎಂಟು ಕಾಲಮು ತುಂಬಿದ ಅರ್ಜಿ ನನ್ನ ಮೇಜಿನ ಮೇಲಿದೆ. ಕೊನೆಯ ತಾರೀಖು ಏಪ್ರಿಲ್ ಮೂವತ್ತು. ಆ ಕೆಂಪು ಸಾಲನ್ನು ಹೊಡೆದು ಹಾಕಿ ನನಗೊಂದು ಕಾರ್ಡು ಬರೆಯಿರಿ. ಅದು ಆಗದಿದ್ದರೆ, ಒಂಬತ್ತನೆಯ ಕಾಲಮಿನಲ್ಲಿ ಏನು ಬರೆಯಬೇಕೆಂದು ತಾವೇ ಅವಳಿಗೆ ಹೇಳಿರಿ.

ಇಂತಿ,
ಕಾಯುವುದು ರೂಢಿಯಾಗಿರುವ
ಕಮಳಾಬಾಯಿ, ನರ್ಸ್
ಅಕ್ಕಲಕೋಟ, 28 ಮಾರ್ಚ್ 1958