ಗದ್ದಕ್ಕೂ ಗಡ್ಡಕ್ಕೂ ನಡುವೆ

ಫೆಬ್ರವರಿ 17, ಬೆಳಿಗ್ಗೆ 5.40

ಹನ್ನೊಂದು. ಮೊನ್ನೆ ಏಳಿತ್ತು. ಗದ್ದದ ಎಡಕ್ಕೆ ಎಂಟು, ಬಲಕ್ಕೆ ಮೂರು. ಕೂದಲಲ್ಲ, ತಂತಿ. ಪ್ಲಕ್ಕರ್‌ನಿಂದ ಎಳೆದರೆ ಕಣ್ಣಲ್ಲಿ ನೀರು ಬರಿಸಿಯೇ ಬರುವುದು.

ಹೋದ ವರ್ಷದ ಕೊನೆಯವರೆಗೂ ಒಂದೇ ಒಂದಿತ್ತು. ಒಂಟಿ ಸಲಗ ಎಂದು ನಾನೇ ಹೆಸರಿಟ್ಟಿದ್ದೆ. ಈಗ ಹಿಂಡೇ ಇಳಿದಿದೆ.

ನಲ್ಲಿ ಪೂರ್ತಿ ಬಿಟ್ಟುಕೊಂಡು ಕೀಳುತ್ತೇನೆ. ಪ್ಲಕ್ಕರ್ ಬೇಸಿನ್ನಿಗೆ ತಾಗಿದರೆ ಟಿಂಗ್ ಎನ್ನುತ್ತದೆ. ಅತ್ತೆಯ ಕಿವಿ ಅಂಥಾದ್ದು — ಸೂಜಿ ಬಿದ್ದರೂ ಯಾವ ಕೋಣೆಯಲ್ಲಿ ಬಿತ್ತು ಎಂದು ಹೇಳುತ್ತಾರೆ.

ಅದೇ ದಿನ, ಸಂಜೆ

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳಿಗೆ ಈ ಗ್ರಹಚಾರ ಬರಬಾರದಿತ್ತು. ಎತ್ತ ತಿರುಗಿದರೂ ಕನ್ನಡಿ, ತಲೆಯ ಮೇಲೆ ಬೆಳ್ಳನೆ ಲೈಟು. ಗಿರಾಕಿಯಿಂದ ಒಂದು ಗೇಣು ದೂರದಲ್ಲಿ ಕೂತು ಎರಡು ಕಣ್ಣಪಾಪೆಗಳ ನಡುವಿನ ಅಳತೆ ತೆಗೆಯಬೇಕು. "ನನ್ನ ಮುಖ ನೋಡಿ" ಎಂದು ನಾನೇ ಹೇಳಬೇಕು.

ಇವತ್ತು ನಿವೃತ್ತ ಮೇಷ್ಟ್ರೊಬ್ಬರು ಹೊಸ ಕನ್ನಡಕ ಏರಿಸಿಕೊಂಡು ನನ್ನನ್ನೇ ನೋಡಿದರು. "ಅಬ್ಬಬ್ಬಾ! ಒಂದೊಂದು ಎಳೆನೂ ಕಾಣ್ತಿದೆಯಲ್ಲಮ್ಮ!"

ಯಾವ ಎಳೆ? ನನ್ನ ದುಪಟ್ಟಾದ್ದೇ? ಅವರ ಕಣ್ಣು ದುಪಟ್ಟಾದ ಮೇಲಿರಲಿಲ್ಲ.

ಹಿಂದಿನ ಕೋಣೆಯಲ್ಲಿ ಲೆನ್ಸ್ ಕೊರೆಯುವವನು ಕಿಸಕ್ಕೆಂದ. ಅವನಿಗೆ ನಾನಿಟ್ಟ ಹೆಸರು ಕಿಸಿಯಪ್ಪ. ಇತ್ತೀಚೆಗೆ ನಾನು ಆ ಕಡೆ ಹೋದಾಗಲೆಲ್ಲ ನಗುತ್ತಾನೆ.

ಫೆಬ್ರವರಿ 22

ಪಾರ್ಲರ್. ಮೊದಲು ಆರು ವಾರಕ್ಕೊಮ್ಮೆ ಹುಬ್ಬಿಗೆ ಹೋಗುತ್ತಿದ್ದವಳು. ಈ ತಿಂಗಳು ಇದು ನಾಲ್ಕನೇ ಸಲ, ಗದ್ದಕ್ಕೆ. ದಾರ ಎರಡು ಸಲ ತುಂಡಾಯಿತು.

"ಅಕ್ಕಾ, ಬ್ಲೇಡ್ ಏನಾದ್ರೂ ಹಾಕಿದ್ರಾ?"

"ಇಲ್ಲಮ್ಮ."

"ಹಾಕಿದ್ರೂ ಹೇಳಿ, ನಂಗೇನು. ಇಷ್ಟು ಗಡುಸಾಗಿದೆಯಲ್ಲ, ಅದಕ್ಕೆ ಕೇಳ್ದೆ."

ಮೆಲ್ಲಗೆ ಕೇಳಬಾರದೇ? ಪಕ್ಕದ ಕುರ್ಚಿಯವಳು ಮ್ಯಾಗಜೀನಿನ ಹಾಳೆ ತಿರುಗಿಸುವುದನ್ನೇ ನಿಲ್ಲಿಸಿದಳು.

ದಾರಿಯಲ್ಲಿ ಹೊಳೆಯಿತು. ಡಿಸೆಂಬರಿನಲ್ಲಿ ಇವಳೇ ಒಂದು ಕ್ರೀಮ್ ಕೊಟ್ಟಿದ್ದಳು, ಮುಖ ಹೊಳೆಯುತ್ತದೆ ಎಂದು. ಅಲ್ಲಿಂದಲೇ ಶುರು. ಮಗುವನ್ನು ಚಿವುಟಿ ತೊಟ್ಟಿಲು ತೂಗುವವಳು! ಬಂದವಳೇ ಡಬ್ಬಿಯನ್ನು ಕಸಕ್ಕೆ ಹಾಕಿದೆ.

ಮಾರ್ಚ್ 6

ಕ್ರೀಮ್ ಬಿಟ್ಟು ಎರಡು ವಾರ. ಹದಿನಾರು. ಮೇಲ್ತುಟಿಯ ಎರಡು ಮೂಲೆಗಳಲ್ಲೂ ನೆರಳು.

ಅಂಗಡಿಗೆ ಫೋನ್ ಬಂತು. "ನಮಸ್ಕಾರ" ಎಂದೆ. "ಸರ್, ನನ್ ಕನ್ನಡಕ ರೆಡಿ ಇದೆಯಾ?" ತಿದ್ದಲಿಲ್ಲ. "ಇದೆ" ಎಂದು ಇಟ್ಟುಬಿಟ್ಟೆ.

ಅತ್ತೆ ಬಿಸಿನೀರಿನ ಲೋಟ ತಂದಿಟ್ಟರು. "ಗಂಟ್ಲು ಕಟ್ಟಿದೆ ನಿಂಗೆ. ಕುಡಿ." ಮೂರು ದಿನದಿಂದ ಇದೇ ಉಪಚಾರ. ಹನ್ನೆರಡು ವರ್ಷದಲ್ಲಿ ಕಾಣದ ಅಕ್ಕರೆ ಈಗೆಲ್ಲಿಂದ ಬಂತು? ಏನೋ ಗೊತ್ತಾಗಿದೆ. ಬಾಯಿ ಬಿಡುತ್ತಿಲ್ಲ.

ಮಾರ್ಚ್ 7

ಇವರ ವಿಷಯ ಬರೆಯಬಾರದು ಎಂದಿದ್ದೆ. ಬರೆಯುತ್ತೇನೆ.

ಲಿಫ್ಟ್ ರಿಪೇರಿಯ ಕೆಲಸ. ಹೋದ ವರ್ಷವಿಡೀ ಮನೆಗೆ ಬಂದವರೇ ಬೂಟು ಬಿಚ್ಚದೆ ಮಂಚಕ್ಕೆ ಬೀಳುತ್ತಿದ್ದರು. ಈಗ ಸಿಳ್ಳೆ. ಮೆಟ್ಟಿಲು ಎರಡೆರಡು ಹತ್ತುತ್ತಾರೆ. ಸಂಜೆ ಸ್ನಾನವಾದ ಮೇಲೂ ಹತ್ತು ನಿಮಿಷ ಬಾಗಿಲು ತೆಗೆಯುವುದಿಲ್ಲ. ಟವೆಲ್ ಸುತ್ತಿಕೊಂಡು ಬರುತ್ತಿದ್ದವರು ಈಗ ಶರ್ಟಿನ ಗುಂಡಿಯೆಲ್ಲ ಹಾಕಿಕೊಂಡೇ ಹೊರಗೆ ಬರುವುದು. ಊಟವಾದ ಮೇಲೆ ಅದೇ ಶರ್ಟ್ ಬಿಚ್ಚಿ ಬನಿಯನ್ನಿನಲ್ಲಿ ಮಲಗುತ್ತಾರೆ. ಹಾಗಾದರೆ ಮುಚ್ಚುಮರೆ ಆ ಎರಡು ಗಂಟೆಗೆ ಮಾತ್ರ ಯಾಕೆ?

ಒಂದು ವಾಸನೆ ಬೇರೆ. ಸೆಂಟಲ್ಲ... ಸ್ಪಿರಿಟ್ಟಿನಂತೆ.

ಗಂಡಸು ನಲವತ್ಮೂರಕ್ಕೆ ಸುಮ್ಮಸುಮ್ಮನೆ ಸಿಳ್ಳೆ ಹೊಡೆಯುವುದಿಲ್ಲ. ಅವಳ ಮುಖ ನುಣ್ಣಗಿರಬಹುದು.

ಮಾರ್ಚ್ 9, ಬೆಳಿಗ್ಗೆ

ಬಾತ್‌ರೂಮಿನಿಂದ ಹೊರಗೆ ಬಂದರೆ ಇವರು ಬಾಗಿಲಲ್ಲೇ ನಿಂತಿದ್ದಾರೆ.

"ದಿನಾ ನಲ್ಲಿ ಬಿಟ್ಕೊಂಡು ಅಷ್ಟು ಹೊತ್ತು ಏನ್ಮಾಡ್ತೀಯ?"

"ಮುಖ ತೊಳೀತೀನಿ."

"ಅರ್ಧ ಗಂಟೆ?"

"ನೀವು ಸಂಜೆ ಒಳಗೆ ಏನ್ಮಾಡ್ತೀರಿ ಅಂತ ನಾನು ಕೇಳಿದೀನಾ?"

ಮುಖ ಸಣ್ಣದಾಯಿತು. ತಿರುಗಿ ಹೋದರು. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೇನೆ ಎಂದಾಯಿತು.

ಮಾರ್ಚ್ 19

ಹತ್ತು ದಿನ ಬರೆಯಲಿಲ್ಲ. ಡಾಕ್ಟರಮ್ಮನ ಹತ್ತಿರ ಹೋಗಿದ್ದೆ, ಯಾರಿಗೂ ಹೇಳದೆ.

ಗದ್ದ ಮುಟ್ಟಿ ನೋಡಿದರು. ಮುಜುಗರವಿಲ್ಲ, ಅವಸರವಿಲ್ಲ. "ಎಷ್ಟೋ ಹೆಂಗಸರಿಗೆ ಇರುತ್ತೆ, ನಿಧಾನಕ್ಕೆ ಬರುತ್ತೆ. ನಿಮಗೆ ಮೂರ್ನಾಲ್ಕು ತಿಂಗಳಲ್ಲಿ ಬಂದಿದೆ. ದನಿನೂ ಬದಲಾಗಿದೆ. ಹಾಗಾಗಿ ಒಳಗೆ ಗೆಡ್ಡೆ ಗಿಡ್ಡೆ ಇದೆಯಾ ನೋಡೋಣ."

ರಕ್ತ ಕೊಟ್ಟೆ. ಸ್ಕ್ಯಾನ್ ಆಯಿತು. ಗೆಡ್ಡೆ ಎಂಬ ಮಾತನ್ನು ಮನೆಗೆ ಹೊತ್ತು ತಂದು, ಯಾರ ಮುಂದೆಯೂ ಇಳಿಸದೆ, ಅಡುಗೆ ಮಾಡಿದೆ.

ಮಾರ್ಚ್ 24, ಮಧ್ಯಾಹ್ನ

ಗೆಡ್ಡೆ ಇಲ್ಲ. ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಕಾಗದ — ಗಂಡಸರ ಹಾರ್ಮೋನು, ಹೆಂಗಸರಿಗೆ ಇರಬೇಕಾದ್ದಕ್ಕಿಂತ ಮೂರು ಪಟ್ಟು.

"ಮಾತ್ರೆ, ಪೌಡರ್, ಏನಾದ್ರೂ ತಗೋತಿದೀರಾ?"

"ಇಲ್ಲ."

"ನಿಜ ಹೇಳಿ."

"ಇಲ್ಲ ಡಾಕ್ಟ್ರೇ!" ನನ್ನ ದನಿ ನನಗೇ ಗದರಿದಂತೆ ಕೇಳಿತು.

"ಸರಿ. ಮನೇಲಿ ಯಾರಾದ್ರೂ ಮೈಗೆ ಹಚ್ಕೊಳ್ಳೋ ಜೆಲ್ ಬಳಸ್ತಾರಾ? ಈ ಹಾರ್ಮೋನಿನದೇ ಜೆಲ್ ಇದೆ, ಗಂಡಸರಿಗೆ ಕೊಡ್ತಾರೆ. ಹಚ್ಚಿದ ಜಾಗ ತಾಗಿದ್ರೆ ಬೇರೆಯವರ ಮೈಗೂ ಇಳಿಯುತ್ತೆ."

"ನಮ್ಮನೇಲಾ? ಇಲ್ಲಪ್ಪ."

ಬಸ್ಸಿನಲ್ಲಿ ಕೂತ ಮೇಲೆ ಮೂಗಿಗೆ ಆ ವಾಸನೆ ನೆನಪಾಯಿತು.

ಮಾರ್ಚ್ 25, ಬೆಳಿಗ್ಗೆ

ಇವರು ಸ್ನಾನಕ್ಕೆ ಹೋದಾಗ ಟೂಲ್ ಬ್ಯಾಗ್ ತೆಗೆದೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ. ಸ್ಪ್ಯಾನರ್, ಗ್ರೀಸ್ ಡಬ್ಬಿ, ಟೆಸ್ಟರ್. ತಳದಲ್ಲಿ ಹಳೇ ಬಟ್ಟೆಯಲ್ಲಿ ಸುತ್ತಿದ ಬಾಟಲಿ, ತಲೆ ಒತ್ತಿದರೆ ಜೆಲ್ ಬರುವಂಥದ್ದು. ಜೊತೆಗೆ ಮಡಚಿದ ಕಾಗದ. ಅಂಗಡಿಯ ಭೂತಗನ್ನಡಿ ಕೈಚೀಲದಲ್ಲೇ ಇತ್ತು.

ಹೆಗಲಿಗೂ ತೋಳಿಗೂ ಹಚ್ಚಿ. ಹಚ್ಚಿದ ಚರ್ಮ ಹೆಂಗಸರಿಗೆ, ಮಕ್ಕಳಿಗೆ ತಾಗದಿರಲಿ. ತಾಗಿದರೆ ಮುಖದಲ್ಲಿ ಕೂದಲು...

ಡಾಕ್ಟರ ಚೀಟಿಯ ತಾರೀಖು ನವೆಂಬರ್ 4.

ನಾನು ಮಲಗುವುದು ಇವರ ಬಲತೋಳಿನ ಮೇಲೆ, ಎಡಗೆನ್ನೆ ಒತ್ತಿ. ಎಡಕ್ಕೆ ಜಾಸ್ತಿ ಬೆಳೆದದ್ದು ಅದಕ್ಕೇ ಇರಬಹುದು.

ಬೇರೆ ಹೆಂಗಸಿಲ್ಲ. ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಕಾಗದ ಬಿಚ್ಚಿ ಮತ್ತೆ ಮಡಚಿದ ಗುರುತಿದೆ. ಅಂದರೆ ಓದಿದ್ದಾರೆ. ಓದಿಯೂ ತೋಳು ಚಾಚಿದರೇ?

ಮಾರ್ಚ್ 28, ಭಾನುವಾರ

ಮೂರು ದಿನ ಗೋಡೆ ಕಡೆ ತಿರುಗಿ ಮಲಗಿದೆ. ಇವತ್ತು ಅತ್ತೆ ಮೇಲಿನ ಮನೆಗೆ ಹೋದರು. ಬಾಟಲಿ ತಂದು ಮೇಜಿನ ಮೇಲಿಟ್ಟೆ.

"ಇದೇನ್ರೀ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗಾದೆ ಎಂದುಕೊಂಡಿದ್ದೆ. ಇವರ ಕೈ ನಿಜಕ್ಕೂ ಹೆಗಲಿಗೆ ಹೋಯಿತು.

"ನನ್ ಬ್ಯಾಗ್ ಯಾಕೆ ಮುಟ್ದೆ?"

"ಮೊದ್ಲು ಇದೇನು ಹೇಳಿ."

"ಶಕ್ತಿಗೆ."

"ಯಾರಿಗೆ ತೋರ್ಸೋಕೆ?"

ಕೂತುಬಿಟ್ಟರು. "ಲಿಫ್ಟ್ ಕೆಟ್ಟಾಗಲೇ ಅಲ್ವೇನೇ ನನ್ನ ಕರೆಯೋದು? ಮೆಟ್ಲೇ ಗತಿ. ಎರಡನೇ ಮಹಡೀಲೇ ಕೂತ್ಬಿಡ್ತಿದ್ದೆ. ಟೆಸ್ಟ್ ಮಾಡಿದ್ರು. ಗಂಡಸಿಗೆ ಇರಬೇಕಾದ್ರಲ್ಲಿ ಅರ್ಧಾನೂ ಇಲ್ಲ ಅಂದ್ರು. ಅದನ್ನ ನಿನ್ಗೆ ಯಾವ ಬಾಯಲ್ಲಿ ಹೇಳ್ಲಿ?"

ಬೆಳಿಗ್ಗೆ ಬೇಕೆಂದೇ ಕಿತ್ತಿರಲಿಲ್ಲ. ಕಿಟಕಿಯ ಬೆಳಕಿಗೆ ಗದ್ದ ಎತ್ತಿದೆ. "ಇಲ್ಲಿ ನೋಡಿ."

ನೋಡಿದರು. "ಏನು?"

"ನಾಟಕ ಬೇಡ."

"ಏನು ನೋಡ್ಬೇಕೇ?"

ಮೈಯೆಲ್ಲ ಉರಿಯಿತು. ಕಾಗದವನ್ನು ಕೈಗೆ ತುರುಕಿದೆ. "ಇದನ್ನಾದ್ರೂ ಓದಿ. ಓದಿದ್ದೀರಲ್ಲ ಮೊದ್ಲೇ."

ಬಿಡಿಸಿದರು. ತೋಳು ಚಾಚಿ ಹಿಡಿದರು. ಸಾಲದೆ ತಲೆ ಹಿಂದಕ್ಕೆ ಎಳೆದುಕೊಂಡರು. ಕಿಟಕಿ ಕಡೆ ತಿರುಗಿಸಿ ಕಣ್ಣು ಕಿರಿದು ಮಾಡಿದರು. "ಇರುವೆ ಸಾಲಿನ ಹಾಗಿದೆ. ಅವತ್ತೂ ಬಿಡಿಸಿ ನೋಡಿ ಹಾಗೇ ಮಡಚಿಟ್ಟೆ. ನೀನೇ ಓದು."

ಆ ತೋಳನ್ನು ನಾನು ದಿನಕ್ಕೆ ಇಪ್ಪತ್ತು ಸಲ ಅಂಗಡಿಯಲ್ಲಿ ನೋಡುತ್ತೇನೆ. ಬಂದವರು ತೋಳು ಚಾಚಿದ ಕೂಡಲೇ ಎಷ್ಟು ಪವರ್ ಎಂದು ಅಂದಾಜು ಹೇಳುತ್ತೇನೆ. ಮನೆಯಲ್ಲಿರುವವರದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಯಾರಿಂದ ಮುಚ್ಚಿಡಲು ದಿನಾ ಬೆಳಗಾಗುವ ಮುಂಚೆ ಎದ್ದೆನೋ, ಅವರಿಗೆ ಹತ್ತಿರದ್ದು ಕಾಣುವುದೇ ಇಲ್ಲ.

ನಾನೇ ಓದಿದೆ, ಗಟ್ಟಿಯಾಗಿ. ಮುಖದಲ್ಲಿ ಕೂದಲು ಎಂಬಲ್ಲಿ ಅವರ ಬೆರಳು ಹಿಡಿದು ನನ್ನ ಗದ್ದಕ್ಕೆ ತಾಗಿಸಿದೆ. ಬೆರಳು ಬೆಚ್ಚಿತು.

"ಇದು... ನನ್ನಿಂದಾನಾ?"

"ಡಾಕ್ಟ್ರು ಏನೂ ಹೇಳ್ಲಿಲ್ವಾ?"

"ಹಚ್ಚಿದ ಮೇಲೆ ಶರ್ಟ್ ಹಾಕ್ಕೊಳ್ಳಿ ಅಂದ್ರು. ಹೆಂಡ್ತೀನೂ ಕರ್ಕೊಂಡು ಬನ್ನಿ ಅಂದ್ರು. ಅಲ್ಲಿಂದ ಎದ್ದು ಬಂದ್ರೆ ಸಾಕಾಗಿತ್ತು ನಂಗೆ." ಬಾಟಲಿಯನ್ನು ಪಕ್ಕಕ್ಕೆ ಸರಿಸಿ, "ನಿಂಗೆ ಯಾರೋ ಇದಾರೆ ಅಂದ್ಕೊಂಡಿದ್ದೆ. ನಲ್ಲಿ ಬಿಟ್ಕೊಂಡು ಫೋನಲ್ಲಿ ಮಾತಾಡ್ತೀಯ ಅಂತ."

"ನಾನೂ ಹಾಗೇ ಅಂದ್ಕೊಂಡಿದ್ದೆ. ನಿಮ್ಗೆ."

ಇಬ್ಬರಿಗೂ ನಗು ಬರಲಿಲ್ಲ. ಸಿಟ್ಟೂ ಪೂರ್ತಿ ಇಳಿದಿಲ್ಲ. ಅಸಹ್ಯಪಟ್ಟು ಬೆರಳು ಹಿಂದಕ್ಕೆ ತೆಗೆದರೋ, ಹೆದರಿಯೋ... ಅದನ್ನೇ ಯೋಚಿಸುತ್ತಿದ್ದೇನೆ.

ಮೇ 30

ಏಪ್ರಿಲಿನಲ್ಲಿ ಇಬ್ಬರೂ ಒಟ್ಟಿಗೆ ಇವರ ಡಾಕ್ಟರ ಹತ್ತಿರ ಹೋಗಿ ಬಂದೆವು. ಇವರಿಗೆ ಜೆಲ್ ನಿಲ್ಲಿಸಿ ಇಂಜೆಕ್ಷನ್. ನನ್ನ ರಕ್ತ ಈಗ ಸರಿಹೋಗಿದೆ.

ಗದ್ದ ಸರಿಹೋಗಿಲ್ಲ. "ಹೊಸದು ಬರೋದು ಕಮ್ಮಿಯಾಗುತ್ತೆ. ಬಲಿತಿರೋದು ತಾನಾಗಿ ಹೋಗಲ್ಲ. ದನಿನೂ ಪೂರ್ತಿ ಹಳೇದಾಗೋದು ಅನುಮಾನ" ಎಂದರು ಡಾಕ್ಟರಮ್ಮ. ಗದ್ದ, ಗಡ್ಡ. ಒಂದು ಅಕ್ಷರದ ಅಂತರ, ಅದನ್ನು ಅಳಿಸಲು ಒಂದು ವರ್ಷ ಬೇಕಂತೆ. ಒಂದೊಂದೇ ಬೇರಿಗೆ ಕರೆಂಟಿನ ಸೂಜಿ ಹಾಕಿ ಸುಡುತ್ತಾರೆ.

ಅದಕ್ಕೊಂದು ಷರತ್ತು. ಮೊದಲ ಸಲಕ್ಕೆ ಒಂದು ವಾರ ಮುಂಚಿನಿಂದ ಕೀಳಬಾರದು. ಬೆಳೆದು ನಿಂತಿರಬೇಕು.

ಒಂದು ವಾರ. ಆ ಲೈಟಿನ ಕೆಳಗೆ!

ಜೂನ್ 9

ಮೂರನೇ ದಿನ. ಬೆಳಿಗ್ಗೆ ಅತ್ತೆ ಮುಖವನ್ನೇ ನೋಡಿದರು. ಬಂತು ಎಂದುಕೊಂಡೆ.

"ನಾನೇನು ಹೊಸ್ದಾಗಿ ನೋಡ್ತಿಲ್ಲ. ಜನವರಿಯಿಂದ ಕಾಣ್ತಿದೆ."

"ಮತ್ತೆ ಯಾಕೆ ಕೇಳ್ಲಿಲ್ಲ?"

"ಬಾಗ್ಲು ಹಾಕ್ಕೊಂಡು ಅಳ್ತಿರೋಳನ್ನ ಏನಂತ ಕೇಳೋದು? ನೀನೇ ಹೇಳ್ತೀಯ ಅಂತ ಕಾದೆ. ಬಿಸಿನೀರಾದ್ರೂ ಕುಡೀತಿದ್ಯಲ್ಲ."

ಅಳುತ್ತಿದ್ದೆನೆಂದು ನಾನು ಎಲ್ಲೂ ಬರೆದಿಲ್ಲ. ಕಣ್ಣೀರು ಪ್ಲಕ್ಕರ್‌ನದು ಎಂದೇ ಬರೆದಿದ್ದೇನೆ.

ಜೂನ್ 10

ಅಂಗಡಿ. ಒಬ್ಬ ಗಿರಾಕಿ ಅಳತೆಗೆ ಕೂತವರು ನನ್ನ ಮುಖ ನೋಡಿ ಹಿಂದೆ ಸರಿದರು. "ಬೇರೆ ಯಾರೂ ಇಲ್ವಾ?" ಅಂಗಡಿಯ ಯಜಮಾನರು ಕೌಂಟರಿನಿಂದಲೇ, "ನಮ್ಮಲ್ಲಿ ಅಳತೆ ತಪ್ಪದೇ ಇರೋರು ಅವರೊಬ್ರೇ" ಎಂದರು. ಗಿರಾಕಿ ಎದ್ದು ಹೋದರು. ಈ ಸಲದ್ದು ನನ್ನ ಅನುಮಾನವಲ್ಲ. ಕಣ್ಣಾರೆ ಕಂಡದ್ದು. ಆಶ್ಚರ್ಯ, ಕಂಡದ್ದು ಅನುಮಾನಕ್ಕಿಂತ ಕಡಿಮೆ ನೋಯಿಸಿತು.

ಸಂಜೆ ಕಿಸಿಯಪ್ಪ ಬಂದು ನಿಂತ. "ಮೇಡಂ, ಒಂದ್ ಮಾತು. ತಪ್ಪು ತಿಳೀಬೇಡಿ."

ಕೈಯಲ್ಲಿದ್ದ ಫ್ರೇಮ್ ಕೆಳಗಿಟ್ಟೆ. "ಹೇಳಿ."

"ಶನಿವಾರ ರಜೆ ಬೇಕಿತ್ತು. ನೀವು ಕೇಳಿದ್ರೆ ಯಜಮಾನ್ರು ಕೊಡ್ತಾರೆ."

ಅವನ ಕಿವಿಯಲ್ಲಿ ಇಯರ್‌ಫೋನು. ಕೈಯಲ್ಲಿ ಫೋನು. ಪರದೆಯ ಮೇಲೆ ಯಾರೋ ಜಾರಿ ಬೀಳುತ್ತಿದ್ದರು. ಮಾತಿನ ಮಧ್ಯೆಯೇ ಕಿಸಕ್ಕೆಂದ.

ಜೂನ್ 14, ಬೆಳಿಗ್ಗೆ 10.20

ಕ್ಲಿನಿಕ್ಕಿನ ಹೊರಗಿನ ಬೆಂಚಿನಲ್ಲಿ ಬರೆಯುತ್ತಿದ್ದೇನೆ. ಏಳು ದಿನದ್ದು ಗದ್ದದ ಮೇಲೆ ನಿಂತಿದೆ. ಕರ್ಚೀಫ್ ತಂದಿದ್ದೇನೆ, ಮುಚ್ಚಿಕೊಂಡಿಲ್ಲ.

ಇವರು ರಜೆ ಹಾಕಿ ಬಂದಿದ್ದಾರೆ. ಬೇಡವೆಂದಿದ್ದೆ. ಇಂಜೆಕ್ಷನ್ನಿನ ಅವಧಿ ಮುಗಿಯುತ್ತ ಬಂದಾಗ ಸುಸ್ತಾಗುತ್ತಾರೆ. ಇವತ್ತು ಅಂಥ ದಿನ. ಮೆಟ್ಟಿಲಿನ ಮಧ್ಯೆ ನಿಂತು, "ತಡಿಯೇ, ಆಗ್ತಿಲ್ಲ" ಎಂದರು. ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಇಬ್ಬರೂ ಅಲ್ಲೇ ಕೂತು ಸುಧಾರಿಸಿಕೊಂಡು ಬಂದೆವು.

"ನೋವಾಗುತ್ತಾ ಅದು?"

"ಗೊತ್ತಿಲ್ಲ."

"ನಾನೂ ಒಳಗೆ ಬರ್ಲಾ?"

ಉತ್ತರ ಹೇಳಿಲ್ಲ ಇನ್ನೂ. ಇವರ ಮೂಗಿನ ಮೇಲೆ ಹೊಸ ಕನ್ನಡಕ. ಅಳತೆ ನನ್ನದೇ, ಹತ್ತಿರದ್ದೆಲ್ಲ ಈಗ ಸ್ಪಷ್ಟ. ಎದುರು ಗೋಡೆಯ ಪೋಸ್ಟರ್ ನೋಡುವವರಂತೆ ಕೂತಿದ್ದಾರೆ. ಆದರೆ ಕುತ್ತಿಗೆ ಆ ಕಡೆಗಿಲ್ಲ, ಈ ಪುಸ್ತಕದ ಕಡೆಗಿದೆ. ಈ ಸಾಲನ್ನು ಓದುತ್ತಿದ್ದಾರೆ ಎಂದು ಅನುಮಾನ.

ಕೈ ಅಡ್ಡ ಇಟ್ಟೆ. ತೆಗೆದೆ.

ರೀ, ಓದ್ತಿದೀರಾ? ಓದ್ತಿದ್ರೆ ಹೇಳಿ, ಒಳಗೆ ನೀವೂ ಬ—