ಬಾಲ್ಯಕ್ಕೆ ಸಾಕ್ಷಿ ಕೇಳಿದವರಿಗೆ

...‘ಈ ವಯಸ್ಸಿನಲ್ಲಿ ಅದೆಲ್ಲ ಯಾಕೆ’ ಎಂದಿರೋ, ‘ಅದೆಲ್ಲ ಎಲ್ಲಿಂದ ಬಂತು’ ಎಂದಿರೋ, ನನಗೀಗ ಸರಿಯಾಗಿ ನೆನಪಿಲ್ಲ, ಮಾನ್ಯ ಆಸ್ಪತ್ರೆ ಅಧೀಕ್ಷಕರೇ. ನೀವು ಹಜಾರದಲ್ಲಿ ನಡೆಯುತ್ತಲೇ ಹೇಳಿದಿರಿ. ನಾನು ಎಂದಿನಂತೆ ಗೋಡೆ ನೋಡುತ್ತ ಕೇಳಿಸಿಕೊಂಡೆ. ಮಾತು ಯಾವುದೇ ಇರಲಿ, ಅದರ ಬೆನ್ನಿಗೆ ಬಂದ ಆದೇಶ ಸ್ಪಷ್ಟವಾಗಿದೆ. ತಮಗೆ ಆಟಿಸಂ ಇದೆಯೆಂದು ದೊಡ್ಡವರಾದ ಮೇಲೆ ತಿಳಿದವರು ನಿಮ್ಮಲ್ಲಿ ಆಪ್ತಸಮಾಲೋಚನೆ ಮುಂದುವರಿಸಬೇಕಾದರೆ, ತಮ್ಮ ಬಾಲ್ಯವನ್ನು ಕಣ್ಣಾರೆ ಕಂಡ ಹಿರಿಯರೊಬ್ಬರಿಂದ ಹೇಳಿಕೆ ಕೊಡಿಸಬೇಕು. ನಾನು ಕೊಡಿಸಿದೆ. ಅದರಿಂದಲೇ ನನ್ನ ಚಿಕಿತ್ಸೆ ನಿಂತುಹೋಗಿದೆ.

ನಾನು ಕುಡಿಯುವ ನೀರಿನ ಪರೀಕ್ಷಾಲಯದಲ್ಲಿ ಕೆಲಸ ಮಾಡುವವಳು. ಮಾತಾಡುವಾಗ ಎದುರಿನವರ ಮುಖ ನೋಡುವುದಿಲ್ಲವಾದ್ದರಿಂದ ಅಲ್ಲಿ ಎಲ್ಲರಿಗೂ ಗೋಡೆ ಮೇಡಂ. ಐವತ್ತು ಹತ್ತಿರವಾದಾಗ ನಿಮ್ಮದೇ ವೈದ್ಯರೊಬ್ಬರು ಇದು ಆಟಿಸಂ ಎಂದರು. ಸಮಾಧಾನವಾಯಿತೆಂದರೆ ನಿಮಗೆ ವಿಚಿತ್ರವೆನಿಸಬಹುದು. ಅಲ್ಲಿಯವರೆಗೆ ಅದನ್ನು ಕೊಬ್ಬು, ಮೊಂಡುತನ, ನಾಟಕ ಎಂದೆಲ್ಲ ಕರೆದಿದ್ದರು. ಆದರೆ ಆ ಮಾತುಗಳ ಜೊತೆಗೆ ಬಿದ್ದ ಏಟುಗಳು ವೈದ್ಯರ ಒಂದು ಮಾತಿಗೆ ವಾಪಸಾಗುವುದಿಲ್ಲ. ಈಗಲೂ ಯಾರಾದರೂ ಹಿಂದಿನಿಂದ ಹೆಗಲು ಮುಟ್ಟಿದರೆ ನನ್ನ ಕೈಯಲ್ಲಿರುವ ಗಾಜು ನೆಲಕ್ಕೆ ಬೀಳುತ್ತದೆ.

ಮೂರನೆಯ ಮಹಡಿಯ ಕೊನೆಯ ಕೋಣೆ ನಿಮಗೆ ಗೊತ್ತಿರಲಿಕ್ಕಿಲ್ಲ. ಅಲ್ಲಿನ ಆಪ್ತಸಮಾಲೋಚಕಿ ಮೊದಲ ದಿನವೇ ಗುಂಯ್‌ಗುಡುತ್ತಿದ್ದ ಟ್ಯೂಬ್‌ಲೈಟ್ ಆರಿಸಿದರು. “ಬಾಗಿಲು ಹಾಕಲಾ, ತೆಗೆದೇ ಇರಲಾ?” ಎಂದು ಕೇಳಿದರು. ಹಾಗೆ ಯಾರೂ ಕೇಳಿರಲಿಲ್ಲ. ನಾನು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡೆ. ಅವರೂ ತಮ್ಮದನ್ನು ಕಿಟಕಿಯ ಕಡೆಗೇ ತಿರುಗಿಸಿಕೊಂಡು, “ನಿಮ್ಮಲ್ಲಿ ರಿಪೇರಿ ಮಾಡೋಕೆ ಏನೂ ಇಲ್ಲ. ನಿಮಗೆ ಏನೇನಾಯ್ತೋ ಅದನ್ನ ಮಾತಾಡೋಣ, ನಿಮಗೆ ಆದಾಗ” ಎಂದರು. ಬಸ್ಸಿನಲ್ಲಿ ಅಕ್ಕಪಕ್ಕ ಕೂತ ಅಪರಿಚಿತರ ಹಾಗೆ ಮಾತಾಡಿದೆವು. ಆ ಕೋಣೆಯಲ್ಲಿ ಪವಾಡವೇನೂ ನಡೆಯಲಿಲ್ಲ. ನಾನು ಹೆದರದೆ ಕೂತಿರುತ್ತಿದ್ದೆ, ಅಷ್ಟೆ.

ನಿಮ್ಮ ಆದೇಶ ಬಂದ ಮೇಲೆ ಕೌಂಟರಿನಲ್ಲಿದ್ದ ಹುಡುಗ, “ತಾಯೀನ ಕರ್ಕೊಂಡು ಬನ್ನಿ” ಎಂದ.

“ಅಮ್ಮ ಇಲ್ಲ.”

“ಯಾವಾಗ ಬರ್ತಾರೆ?”

ಉಳಿದವಳು ಚಿಕ್ಕಮ್ಮ, ಅಮ್ಮನ ತಂಗಿ. ನಮ್ಮ ಮನೆಯಲ್ಲೇ ಇದ್ದು ನನ್ನನ್ನು ಬೆಳೆಸಿದವಳು. ಮದುವೆಗೆ ಹೊರಟವರ ಹಾಗೆ ಸಿದ್ಧಳಾಗಿ ಬಂದಳು. ನಿಮ್ಮ ಅಧಿಕಾರಿ ಬಾಲ್ಯದ ಬಗ್ಗೆ ಕೇಳಿದ್ದೇ ತಡ, “ಇವಳಿಗೇನ್ರೀ ಆಗಿತ್ತು? ಮುತ್ತಿನಂಥ ಮಗು. ಬಂದವರ ಹತ್ರ ಎಲ್ಲ ನಗ್‌ನಗ್ತಾ ಮಾತಾಡೋಳು. ಸ್ವಲ್ಪ ನಾಚಿಕೆ, ಅಷ್ಟೆ” ಎಂದಳು. ಅಧಿಕಾರಿ ‘ಬಾಲ್ಯ ಸಹಜ’ ಎಂದು ಬರೆದುಕೊಂಡು ಆಕೆಗೆ ಧನ್ಯವಾದ ಹೇಳಿದರು.

ಹಿಂದಿರುಗುವಾಗ ಬಸ್ಸಿನಲ್ಲಿ ಕೇಳಿದೆ. “ಯಾಕೆ ಹಾಗಂದೆ ಚಿಕ್ಕಮ್ಮ?”

“ಮತ್ತೇನು ಹೇಳ್ಬೇಕಿತ್ತು? ನೆಂಟರು ಬಂದ್ರೆ ಮಂಚದ ಕೆಳಗೆ ಕಿವಿ ಮುಚ್ಕೊಂಡು ಕೂರ್ತಿದ್ಲು, ನಾನೇ ಕಾಲು ಹಿಡಿದು ಎಳೆದು ಬಾರಿಸ್ತಿದ್ದೆ ಅಂತ ಹೇಳ್ಲಾ, ಆ ಕೋಟಿನವನ ಮುಂದೆ? ನಿಮ್ಮಮ್ಮ ಪಾಪ, ಮಂಚದಿಂದ ಚಾದರ ಇಳಿಬಿಟ್ಟು ಮುಚ್ಚಿಡ್ತಿದ್ಲು. ನಾನು ಇವತ್ತು ನಿನ್ನ ಮಾನ ಉಳಿಸಿದೀನಿ ಕಣೇ. ಇನ್ನೊಂದ್ಸಲ ಮಾತ್ರ ಆ ಮೆಟ್ಟಿಲು ಹತ್ತಿಸ್ಬೇಡ.”

ಹೇಳಿ ನನ್ನ ಕೈ ಸವರಿದಳು. ನಾನು ಎಳೆದುಕೊಳ್ಳಲಿಲ್ಲ. ಎಳೆದುಕೊಳ್ಳಬಾರದೆಂದು ಕಲಿಸಿದವಳೂ ಅವಳೇ.

ಅವಳ ಮೇಲೆ ನನಗೆ ದೂರಿಲ್ಲ. ಪ್ರೀತಿಯಿಂದಲೇ ಸುಳ್ಳು ಹೇಳಿದಳು. ಬಹುಶಃ ಪ್ರೀತಿಯಿಂದಲೇ ಹೊಡೆದಿದ್ದಳು. ನನಗೆ ಅರ್ಥವಾಗದಿರುವುದು ನಿಮ್ಮ ಜಾಣತನ. ನಮ್ಮ ಪರೀಕ್ಷಾಲಯದಲ್ಲಿ ನೀರು ಕೆಟ್ಟಿದೆಯೇ ಎಂದು ತಿಳಿಯಲು ನೀರನ್ನೇ ಪರೀಕ್ಷಿಸುತ್ತೇವೆ; ಪೈಪು ಹಾಕಿದವರನ್ನು ಕರೆಸಿ ‘ಆಗ ಚೆನ್ನಾಗಿತ್ತಲ್ಲವೇ’ ಎಂದು ಕೇಳುವುದಿಲ್ಲ. ಗಾಯ ಮಾಡಿದವರೇ ಬಂದು ಗಾಯವಿತ್ತೆಂದು ಒಪ್ಪಿಕೊಳ್ಳಬೇಕೆಂದರೆ ನಿಮ್ಮ ಮೆಟ್ಟಿಲು ಯಾರು ಹತ್ತಿಯಾರು? ಎಲ್ಲ ಹಿರಿಯರನ್ನೂ ಕಳೆದುಕೊಂಡವರು ಬಾಲ್ಯವೇ ಇಲ್ಲದೆ ಬೆಳೆದರೇ? ಐವತ್ತು ವರ್ಷ ಈ ಮೈಯೊಳಗೆ ಇದ್ದವಳ ಮಾತು ಸಾಕ್ಷಿಯಲ್ಲವೇ?

ನಿಮ್ಮ ಕರುಣೆಯನ್ನು ಮರೆತಿಲ್ಲ. ನನಗೆ ಸಾಮಾಜಿಕ ಕೌಶಲದ ತರಗತಿ ಕೊಟ್ಟಿದ್ದೀರಿ. ಅಲ್ಲಿ ಕನ್ನಡಿಯಲ್ಲಿ ನಮ್ಮದೇ ಕಣ್ಣನ್ನು ದಿಟ್ಟಿಸುವ ಅಭ್ಯಾಸ ಮಾಡಿಸುತ್ತಾರೆ. ಮುಖ ತಿರುಗಿದರೆ ಗಲ್ಲ ಹಿಡಿದು ನೇರ ಮಾಡುತ್ತಾರೆ. ಮೆತ್ತಗೆ ಹಿಡಿಯುತ್ತಾರೆ, ನಿಜ. ಒಂದು ದಿನ ಹೋದೆ. ಆಪ್ತಸಮಾಲೋಚಕಿಯನ್ನು ಬೇರೆ ವಿಭಾಗಕ್ಕೆ ಹಾಕಿದ್ದೀರಂತೆ. ಆ ಕೋಣೆಗೆ ಬೀಗ. ಒಳಗೆ ಟ್ಯೂಬ್‌ಲೈಟ್ ಉರಿಯುತ್ತಲೇ ಇರುವುದು ಬಾಗಿಲ ಸಂದಿಯಲ್ಲಿ ಕಾಣುತ್ತದೆ.

ಆದೇಶ ಹಿಂತೆಗೆದುಕೊಳ್ಳಿ. ನಮ್ಮ ಬಾಲ್ಯವನ್ನು ನಮ್ಮ ಬಾಯಿಂದಲೇ ಕೇಳಿ. ಆ ಕೋಣೆಯನ್ನೂ ಅದರಲ್ಲಿದ್ದವರನ್ನೂ ನಮಗೆ ಮರಳಿ ಕೊಡಿ. ಮುಟ್ಟುವ ಮೊದಲು ಕೇಳಬೇಕೆಂದು ನಿಮ್ಮವರಿಗೆ ಹೇಳಿ. ಇದರಲ್ಲಿ ಒಂದಾದರೂ ಆದೀತೆಂದು ನಂಬಿ ಬರೆಯುತ್ತಿಲ್ಲ. ಬರೆಯದೆ ಇರಲಾಗಲಿಲ್ಲ.

ನಿಮ್ಮ ಕೌಂಟರಿನಲ್ಲಿ ಮೊದಲು ಕೇಳಿದ ಸಾಕ್ಷಿಯನ್ನು ನಾನು ಕರೆತರಲಾರೆ. ಇಲ್ಲಿಂದಲೇ ಒಂದು ಮಾತು ಕೇಳುತ್ತೇನೆ, ನೀವು ಬರೆದುಕೊಳ್ಳುವುದು ಬೇಡ. ಅಮ್ಮಾ, ಮಂಚದಿಂದ ಚಾದರ ಇಳಿಬಿಡುತ್ತಿದ್ದೆಯಲ್ಲ, ಅದು ನಾನು ಅವರಿಗೆ ಕಾಣದಿರಲೆಂದೋ, ಅವರು ನನಗೆ ಕಾಣದಿರಲೆಂದೋ?

ಇಂತಿ,
ನಿಮ್ಮ ಕಡತದಲ್ಲಿ ನಗುನಗುತ್ತ ಬೆಳೆದವಳು